ರೂಲಿಂಗು ಯಾವ ಕಪಾಟಿನಲ್ಲಿದೆ?

ಧಾರವಾಡದ ಮಾಳಮಡ್ಡಿಯ ಹಳೆಯ ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ಈ ವಕೀಲರ ಕಚೇರಿ ಇದೆ. ಅಜ್ಜ, ಮಗ, ಮೊಮ್ಮಗ ಎಂದು ಮೂರು ತಲೆಮಾರು ಇಲ್ಲೇ ಕೂತು ವಕೀಲಿ ಮಾಡಿದೆ. ಎಡಗಡೆಯ ಗೋಡೆಗೆ ಯಾವ ಬಣ್ಣ ಬಳಿದಿದ್ದಾರೋ ತಿಳಿಯುವುದಿಲ್ಲ, ಅಷ್ಟು ಒತ್ತೊತ್ತಾಗಿ ಗಾಜಿನ ಬಾಗಿಲಿನ ಕಪಾಟುಗಳು ನಿಂತಿವೆ. ಸಿನಿಮಾದ ವಕೀಲರ ಬೆನ್ನ ಹಿಂದೆ ಪುಸ್ತಕಗಳು ಸಾಲಾಗಿ, ಒಂದೇ ಬಣ್ಣದಲ್ಲಿ, ಯಾರೂ ಮುಟ್ಟದ ಹಾಗೆ ಇರುತ್ತವಲ್ಲ, ಇಲ್ಲಿ ಹಾಗಿಲ್ಲ. ಕೆಲವಕ್ಕೆ ಬೆನ್ನು ಕಿತ್ತಿದೆ, ಕೆಲವಕ್ಕೆ ಬಟ್ಟೆಪಟ್ಟಿ ಅಂಟಿಸಿ ಹೆಸರು ಬರೆದಿದೆ. ಒಂದೆರಡು ಕಡೆ ಹಲಗೆಯಲ್ಲಿ ಖಾಲಿ ಜಾಗ. ಯಾವನೋ ಮಿತ್ರ ವಕೀಲ ಒಯ್ದವನು ತಂದುಕೊಟ್ಟಿಲ್ಲ.

"ಮೊದಲ ಮ್ಯಾಲಿನ ಹಲಗಿ ನೋಡ್ರಿ" ಎಂದರು ಎಪ್ಪತ್ತು ದಾಟಿದ ಸೀನಿಯರ್ ವಕೀಲರು. ಮೇಲಿನ ಹಲಗೆಯ ತುಂಬ ಮುಂಬಯಿ: ಇಂಡಿಯನ್ ಲಾ ರಿಪೋರ್ಟ್ಸ್‌ನ ಬಾಂಬೆ ಸರಣಿ, ಅದರ ಪಕ್ಕ ಬಾಂಬೆ ಲಾ ರಿಪೋರ್ಟರ್. 1956ರ ತನಕ ಧಾರವಾಡದ ಅಪೀಲು ಹೋಗುತ್ತಿದ್ದದ್ದು ಮುಂಬಯಿ ಹೈಕೋರ್ಟಿಗೆ. ಅದರ ಕೆಳಗಿನ ಹಲಗೆಯಲ್ಲಿ ರಾಜ್ಯ ಬದಲಾಗುತ್ತದೆ, ಪುಸ್ತಕದ ಬೆನ್ನಿನ ಮೇಲೆ ಮೈಸೂರು ಬರುತ್ತದೆ. ಇನ್ನೂ ಒಂದು ಹಲಗೆ ಇಳಿದರೆ 1973ರ ನಾಮಕರಣ, ಮೈಸೂರು ಹೋಗಿ ಕರ್ನಾಟಕ. ಇಷ್ಟೇ ವಯಸ್ಸಿನ ಕಚೇರಿ ಮಂಗಳೂರಿನಲ್ಲಿದ್ದರೆ ಮೇಲಿನ ಹಲಗೆಯಲ್ಲಿ ಮದ್ರಾಸು ಇರುತ್ತದೆ, ಕಲಬುರಗಿಯಲ್ಲಾದರೆ ಹೈದರಾಬಾದು, ಬೆಂಗಳೂರಿನಲ್ಲಾದರೆ ಮೇಲಿನಿಂದ 1973ರ ಹಲಗೆಯವರೆಗೂ ಮೈಸೂರೇ. ಏಕೀಕರಣದ ಚರಿತ್ರೆಯನ್ನು ಭಾಷಣಗಳಲ್ಲಿ ಕೇಳಿದ್ದೇವೆ. ವಕೀಲರ ಕಪಾಟಿನಲ್ಲಿ ಅದನ್ನು ಬೆರಳಿಟ್ಟು ಮುಟ್ಟಬಹುದು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಧಾರವಾಡಕ್ಕೇ ಬಂತು, 2013ರಲ್ಲಿ ಕಾಯಂ ಆಯಿತು. ಅಲ್ಲಿಂದ ಮುಂದಿನ ಹಲಗೆಗಳು ದಿಢೀರನೆ ತುಂಬಿದ್ದು ಅದಕ್ಕೇ.

ನಾನು ಬಂದದ್ದು ಒಂದೇ ಪ್ರಶ್ನೆಯಿಂದ. ಈ ದೇಶದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕಾನೂನು. ಸಂವಿಧಾನದ 141ನೇ ಅನುಚ್ಛೇದ ಅದನ್ನು ಎಲ್ಲ ನ್ಯಾಯಾಲಯಗಳಿಗೂ ಕಡ್ಡಾಯ ಮಾಡಿದೆ. ಹೈಕೋರ್ಟ್ ಹೇಳಿದ್ದು ಅದರ ಕೆಳಗಿನ ಕೋರ್ಟುಗಳನ್ನು ಕಟ್ಟಿಹಾಕುತ್ತದೆ. ಸರಿ. ಆದರೆ ಹೇಳಿದ್ದು ಎಲ್ಲಿದೆ? ಲಕ್ಷಗಟ್ಟಲೆ ತೀರ್ಪುಗಳಲ್ಲಿ ನಾಳೆ ಬೆಳಿಗ್ಗೆ ಜಡ್ಜರ ಮುಂದೆ ಇಡಬೇಕಾದ ಒಂದನ್ನು ಹುಡುಕುವುದು ಹೇಗೆ? ವಕೀಲರ ಬಾಯಲ್ಲಿ ಅದರ ಹೆಸರು ರೂಲಿಂಗು. "ರೂಲಿಂಗ್ ಐತೇನ್ರಿ?" ಎಂಬುದು ಈ ಪಡಸಾಲೆಯಲ್ಲಿ ಚಹಾಕ್ಕಿಂತ ಹೆಚ್ಚು ಸಲ ಕೇಳಿಬರುವ ಮಾತು.

ಮೊದಲು ಪುಸ್ತಕ ಹೇಗೆ ಹುಟ್ಟಿತು ಎಂಬುದನ್ನು ನೋಡಬೇಕು. 1875ರಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯನ್ ಲಾ ರಿಪೋರ್ಟ್ಸ್ ಕಾಯ್ದೆ ಮಾಡಿತು. ಮರುವರ್ಷದಿಂದ ಕಲ್ಕತ್ತಾ, ಮದ್ರಾಸು, ಮುಂಬಯಿ, ಅಲಹಾಬಾದು ಎಂದು ನಾಲ್ಕು ಸರಣಿ ಹೊರಬಂದವು. ಸರ್ಕಾರದ ಅಧಿಕಾರದಿಂದ ಪ್ರಕಟವಾದ ವರದಿಯನ್ನು ಬಿಟ್ಟು ಬೇರೆಯದನ್ನು ಕೇಳಲೇಬೇಕೆಂಬ ಕಟ್ಟು ಕೋರ್ಟಿಗಿಲ್ಲ ಎಂದು ಆ ಕಾಯ್ದೆ ಹೇಳುತ್ತದೆ. ಕಾಯ್ದೆಯ ಮಾತು ಕಾಯ್ದೆಯಲ್ಲೇ ಉಳಿಯಿತು. ಸರ್ಕಾರಿ ವರದಿ ಬರುವಷ್ಟರಲ್ಲಿ ಕಕ್ಷಿದಾರನ ಕೇಸೇ ಮುಗಿದಿರುತ್ತಿತ್ತು. ಆ ಸಂದಿನಲ್ಲಿ ಖಾಸಗಿಯವರು ನುಗ್ಗಿದರು. ನಾಗಪುರದಲ್ಲಿ ವಿ.ವಿ. ಚಿತಳೆಯವರು 1922ರಲ್ಲಿ ಆಲ್ ಇಂಡಿಯಾ ರಿಪೋರ್ಟರ್ ಆರಂಭಿಸಿದರು, ಅದೇ ಎಐಆರ್. ಲಕ್ನೋದ ಈಸ್ಟರ್ನ್ ಬುಕ್ ಕಂಪನಿ 1969ರಲ್ಲಿ ಸುಪ್ರೀಂ ಕೋರ್ಟ್ ಕೇಸಸ್ ಶುರು ಮಾಡಿತು, ಅದೇ ಎಸ್‌ಸಿಸಿ. 1950ರಿಂದಲೂ ಸುಪ್ರೀಂ ಕೋರ್ಟಿನ ಅಧಿಕೃತ ವರದಿ ಎಸ್‌ಸಿಆರ್ ಇದೆ. ಆದರೂ ಈ ಕಚೇರಿಯಲ್ಲಿ ಹೆಚ್ಚು ಕೈ ಸವೆದಿರುವುದು ಖಾಸಗಿ ಪುಸ್ತಕಗಳ ಮೇಲೇ. ಕರ್ನಾಟಕದ ಮಟ್ಟಿಗೆ ಇಂಡಿಯನ್ ಲಾ ರಿಪೋರ್ಟ್ಸ್, ಅಂದರೆ ಐಎಲ್‌ಆರ್ ಪಕ್ಕದಲ್ಲೇ ಕರ್ನಾಟಕ ಲಾ ಜರ್ನಲ್ ಕೂತಿದೆ, ಅದರ ಆಚೆ ಕೆಸಿಸಿಆರ್ ಎಂಬ ಇನ್ನೊಂದು ವರದಿ.

ಹೀಗಾಗಿ ಒಂದೇ ತೀರ್ಪಿಗೆ ಹಲವು ವಿಳಾಸ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಕೇಸು 1973ರ ಏಪ್ರಿಲ್ 24ರಂದು ತೀರ್ಮಾನವಾಯಿತು. ಅದು ಎಐಆರ್ 1973 ಎಸ್‌ಸಿ 1461 ಕೂಡ ಹೌದು, (1973) 4 ಎಸ್‌ಸಿಸಿ 225 ಕೂಡ ಹೌದು. ಎಐಆರ್ ಎಂದರೆ ಪುಸ್ತಕ, 1973 ವರ್ಷ, ಎಸ್‌ಸಿ ಕೋರ್ಟು, 1461 ಪುಟ. ಎಸ್‌ಸಿಸಿಯಲ್ಲಿ ವರ್ಷದ ನಂತರದ 4 ಎಂಬುದು ಆ ವರ್ಷದ ನಾಲ್ಕನೇ ಸಂಪುಟ. ಎಸ್‌ಸಿಸಿಯ ಪುಟದ ಅಂಚಿನಲ್ಲಿ ಎ, ಬಿ, ಸಿ ಎಂದು ಎಚ್‌ವರೆಗೆ ಸಣ್ಣ ಅಕ್ಷರಗಳಿವೆ. ಸೀನಿಯರ್ ಕೋರ್ಟಿನಲ್ಲಿ ನಿಂತು "ಪುಟ ಇಷ್ಟು, ಡಿ ಇಂದ ಎಫ್" ಎಂದರೆ ಜಡ್ಜರ ಕಣ್ಣು ನೇರವಾಗಿ ಆ ನಾಲ್ಕು ಸಾಲಿಗೆ ಹೋಗಿ ಕೂರುತ್ತದೆ. ಒಂದು ಪುಸ್ತಕದ ವಿಳಾಸವನ್ನು ಇನ್ನೊಂದಕ್ಕೆ ಹೊಂದಿಸುವ ಕೋಷ್ಟಕಗಳ ಪುಸ್ತಕವೇ ಬೇರೆ. ಅದೂ ಇಲ್ಲಿದೆ, ಓದುವುದಕ್ಕೆ ಅದರಷ್ಟು ನೀರಸವಾದದ್ದು ಇನ್ನೊಂದಿಲ್ಲ. ಆದರೆ ಎದುರಾಳಿ ವಕೀಲ ಎಐಆರ್ ಪುಟ ಹೇಳಿ, ನಿಮ್ಮ ಕೈಯಲ್ಲಿ ಎಸ್‌ಸಿಸಿ ಮಾತ್ರ ಇದ್ದ ದಿನ ಅದೇ ದೇವರು.

ಪಕ್ಷಕಾರರ ಹೆಸರಿನ ಸೂಚಿ ಎಲ್ಲ ಸಂಪುಟಗಳ ಮೊದಲ ಹಾಳೆಗಳಲ್ಲಿರುತ್ತದೆ. ನೋಡಲು ಸುಲಭ, ನಂಬಲು ಕಷ್ಟ. ಸ್ವಾಮಿಗಳ ಕೇಸಿನ ಅಧಿಕೃತ ಹೆಸರು ಶುರುವಾಗುವುದೇ 'ಹಿಸ್ ಹೋಲಿನೆಸ್' ಎಂದು. ಹಾಗಾದರೆ ಅದನ್ನು 'ಎಚ್' ಅಡಿ ಹುಡುಕಬೇಕೋ, 'ಕೆ' ಅಡಿಯೋ? 'ಸ್ಟೇಟ್ ಆಫ್ ಕರ್ನಾಟಕ' ಎಂದು ಶುರುವಾಗುವ ಕೇಸುಗಳಂತೂ ಪುಟಗಟ್ಟಲೆ. ಹೆಸರು ನೆನಪಿದ್ದವನಿಗೆ ಈ ಸೂಚಿ, ಸಮಸ್ಯೆ ಮಾತ್ರ ಕೈಯಲ್ಲಿ ಹಿಡಿದು ಬಂದವನಿಗೆ ಬೇರೆ ಬಾಗಿಲು ಬೇಕು.

ಆ ಬಾಗಿಲಿನ ಹೆಸರು ಹೆಡ್‌ನೋಟ್. ತೀರ್ಪು ಬರೆಯುವವರು ನ್ಯಾಯಮೂರ್ತಿಗಳು. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ ಕೆಲವು ಸಾಲು ಬರೆಯುವವನು ಪ್ರಕಾಶಕರ ಕಚೇರಿಯ ಹೆಸರಿಲ್ಲದ ಸಂಪಾದಕ. ಆ ಸಾಲುಗಳಿಗೊಂದು ನಡೆ ಇದೆ. ಮೊದಲು ಕಾಯ್ದೆಯ ಹೆಸರು ಮತ್ತು ವರ್ಷ. ಆಮೇಲೆ ಕಲಮು. ಆಮೇಲೆ ಒಂದು ಗೆರೆ ಎಳೆದು ವಿಷಯ, ಇನ್ನೊಂದು ಗೆರೆ ಎಳೆದು ವಿಷಯದೊಳಗಿನ ವಿಷಯ, ಕೊನೆಗೆ ಕೋರ್ಟು ಹಿಡಿದ ತೀರ್ಮಾನ, ಅದು ಯಾವ ಪ್ಯಾರಾದಲ್ಲಿದೆ ಎಂಬ ಸಂಖ್ಯೆ. 'ಸಿವಿಲ್ ಪ್ರಕ್ರಿಯಾ ಸಂಹಿತೆ, 1908 – ಆದೇಶ 39, ನಿಯಮ 1 ಮತ್ತು 2 – ತಾತ್ಕಾಲಿಕ ತಡೆಯಾಜ್ಞೆ – ಕೃಷಿ ಜಮೀನು – ಸ್ವಾಧೀನದ ಬಗ್ಗೆ ಮೇಲ್ನೋಟದ ಪುರಾವೆ' ಎಂಬ ಹಾಗೆ. ಒಂದೇ ತೀರ್ಪಿನಲ್ಲಿ ಕಾನೂನಿನ ನಾಲ್ಕು ಪ್ರಶ್ನೆ ತೀರ್ಮಾನವಾಗಿದ್ದರೆ ಎ, ಬಿ, ಸಿ, ಡಿ ಎಂದು ನಾಲ್ಕು ಹೆಡ್‌ನೋಟ್. ನಾಲ್ಕೂ ನಾಲ್ಕು ಕಡೆ ಹಂಚಿಹೋಗುತ್ತವೆ. ಹಂಚುವ ಪುಸ್ತಕ ಡೈಜೆಸ್ಟ್. ಅದರಲ್ಲಿ ತೀರ್ಪುಗಳಿರುವುದಿಲ್ಲ, ಹೆಡ್‌ನೋಟ್‌ಗಳಷ್ಟೇ ಇರುತ್ತವೆ. ಕಾಯ್ದೆಗಳು ಅಕಾರಾದಿಯಲ್ಲಿ, ಕಾಯ್ದೆಯೊಳಗೆ ಕಲಮುಗಳು ಸಂಖ್ಯೆಯ ಕ್ರಮದಲ್ಲಿ, ಕಲಮಿನೊಳಗೆ ವಿಷಯಗಳು.

ಇಂಗ್ಲೆಂಡಿನ ವಕೀಲರಿಗೆ ಈ ಚಟ ಬಹಳ ಹಳೆಯದು. ಫಿಟ್ಜ್‌ಹರ್ಬರ್ಟ್ ಎಂಬ ವಕೀಲ, ಮುಂದೆ ನ್ಯಾಯಾಧೀಶರೂ ಆದವರು, ಹದಿನಾರನೇ ಶತಮಾನದ ಆರಂಭದಲ್ಲೇ ಹಳೆಯ ಕೇಸುಗಳನ್ನು ವಿಷಯವಾರು ಕತ್ತರಿಸಿ ಜೋಡಿಸಿದ್ದರು. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಮಿನ್ನೆಸೋಟದ ವೆಸ್ಟ್ ಕಂಪನಿ ಇಡೀ ಕಾನೂನನ್ನು ನಾಲ್ಕುನೂರಕ್ಕೂ ಮಿಕ್ಕಿದ ವಿಷಯಗಳಾಗಿ ಹೋಳು ಮಾಡಿ, ಪ್ರತಿ ಹೋಳಿಗೂ ಒಂದು ಸಂಖ್ಯೆ ಕೊಟ್ಟಿತು. ಆ ಸಂಖ್ಯೆ ಸಿಕ್ಕರೆ ಯಾವ ರಾಜ್ಯದ, ಯಾವ ಕಾಲದ ಕೇಸಾದರೂ ಸಿಕ್ಕಿತು. ನಮ್ಮಲ್ಲಿ ಅಂಥ ಒಂದೇ ಚೌಕಟ್ಟು ಬೆಳೆಯಲಿಲ್ಲ. ನಮ್ಮ ಕಾನೂನು ಬಹುಪಾಲು ಬರೆದಿಟ್ಟ ಸಂಹಿತೆ. ಕಲಮಿನ ಸಂಖ್ಯೆಯೇ ನಮ್ಮ ವರ್ಗೀಕರಣ. ಸೀನಿಯರ್‌ಗೆ ಈ ಮಾತು ಹೇಳಿದಾಗ ಅವರು ನಕ್ಕು, "ಹೌದಲ್ರಿ, ಅದಕ್ಕ ಈಗ ಸತ್ತೀವಿ" ಎಂದರು.

ಯಾಕೆಂದರೆ 2024ರ ಜುಲೈ 1. ಆ ದಿನ 1860ರ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ ಜತೆಗೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಕಾಯ್ದೆಗಳ ಜಾಗದಲ್ಲಿ ಹೊಸ ಸಂಹಿತೆ, ಹೊಸ ಅಧಿನಿಯಮ. ಕೊಲೆಗೆ 302 ಎಂಬುದು ಹಳ್ಳಿಯ ಕಟ್ಟೆಯ ಮೇಲೂ ಗೊತ್ತಿದ್ದ ಸಂಖ್ಯೆ. ಈಗ ಅದು 103. ಹೊಸ ಸಂಹಿತೆಯಲ್ಲಿ 302 ತೆಗೆದರೆ ಧಾರ್ಮಿಕ ಭಾವನೆಗೆ ನೋವಾಗುವಂಥ ಮಾತಾಡುವ ಅಪರಾಧ ಸಿಗುತ್ತದೆ. 420 ಈಗ 318ರ ನಾಲ್ಕನೇ ಉಪಕಲಮು. ಇವೆಲ್ಲ ತಮಾಷೆ. ನಿಜವಾದ ತೊಡಕು 482ರದ್ದು. ಹಳೆಯ ಪ್ರಕ್ರಿಯಾ ಸಂಹಿತೆಯಲ್ಲಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಕೇಸನ್ನೇ ರದ್ದು ಮಾಡಿಸಲು ವಕೀಲರು ಹೋಗುತ್ತಿದ್ದ ದಾರಿ. ನಿರೀಕ್ಷಣಾ ಜಾಮೀನು 438ರಲ್ಲಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ನಿರೀಕ್ಷಣಾ ಜಾಮೀನು ಬಂದು ಕೂತದ್ದು ಅದೇ 482ರಲ್ಲಿ. ಅಂತರ್ಗತ ಅಧಿಕಾರ 528ಕ್ಕೆ ಹೋಯಿತು. ಈಗ ಕಂಪ್ಯೂಟರಿನಲ್ಲಿ 482 ಎಂದು ಒತ್ತಿದರೆ ರದ್ದತಿಯ ಹಳೆಯ ತೀರ್ಪುಗಳೂ ಜಾಮೀನಿನ ಹೊಸ ಆದೇಶಗಳೂ ಒಂದರ ಮೇಲೊಂದು ಬಿದ್ದು ಬರುತ್ತವೆ. ಐವತ್ತು ವರ್ಷ ಸಂಖ್ಯೆಯನ್ನು ನಂಬಿ ಜೋಡಿಸಿದ ಕಪಾಟಿನಲ್ಲಿ ಸಂಖ್ಯೆಗಳೇ ಮನೆ ಬದಲಾಯಿಸಿವೆ. ಹಳೆಯ ರೂಲಿಂಗುಗಳೇನೂ ಸತ್ತಿಲ್ಲ. ಕಲಮಿನ ಮಾತು ಹಾಗೇ ಉಳಿದಿರುವಲ್ಲೆಲ್ಲ ಅವು ಇನ್ನೂ ಕೆಲಸಕ್ಕೆ ಬರುತ್ತವೆ. ಅವುಗಳನ್ನು ಹುಡುಕಲು ಮಾತ್ರ ಹಳೆಯ ಸಂಖ್ಯೆ ಗೊತ್ತಿರಬೇಕು. ಕಾನೂನು ಕಾಲೇಜಿನಲ್ಲಿ ಹೊಸ ಸಂಖ್ಯೆ ಮಾತ್ರ ಕಲಿತು ಬರುವ ಹುಡುಗರು ಏನು ಮಾಡುತ್ತಾರೋ! ಗುಮಾಸ್ತರ ಮೇಜಿನ ಗಾಜಿನ ಕೆಳಗೆ ಹಳೆ–ಹೊಸ ಕಲಮುಗಳ ಪಟ್ಟಿ ಇದೆ, ಮೂಲೆಗಳು ಆಗಲೇ ಮಸುಕಾಗಿವೆ.

ಗುಮಾಸ್ತರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಸೀನಿಯರ್ ಕೂಡ. ಸೀನಿಯರ್ ಅವರ ತಂದೆಯ ಕಾಲದಿಂದ ಕಾಕಾ ಇಲ್ಲಿದ್ದಾರೆ. ಕಾನೂನು ಓದಿಲ್ಲ, ಆದರೆ ಯಾವ ಸಂಪುಟ ಎಲ್ಲಿದೆ ಎಂಬುದಕ್ಕೆ ಅವರಿಗೆ ಸೂಚಿ ಬೇಕಿಲ್ಲ. ಕಚೇರಿಯ ಜೂನಿಯರ್ ವಕೀಲೆಯ ಮುಂದೆ ಆ ದಿನ ಇದ್ದದ್ದು ಪಾಲಿನ ದಾವೆ. ನವಲಗುಂದ ಕಡೆಯ ಎರೆಹೊಲ. ಅಪ್ಪ ತೀರಿಕೊಂಡದ್ದು 2005ಕ್ಕಿಂತ ಮುಂಚೆ. ಮಗಳು ಪಾಲು ಕೇಳುತ್ತಿದ್ದಾಳೆ, ಅಣ್ಣಂದಿರು ಆಗದು ಎನ್ನುತ್ತಿದ್ದಾರೆ. ರೂಲಿಂಗ್ ಬೇಕು. ಹುಡುಕುವ ಹಾದಿಯನ್ನು ತೋರಿಸಿರೆಂದು ಕೇಳಿದೆ.

ಡೈಜೆಸ್ಟಿನಲ್ಲಿ ಮೊದಲು ಹಿಂದೂ ಉತ್ತರಾಧಿಕಾರ ಕಾಯ್ದೆ, 1956. ಆಮೇಲೆ 6ನೇ ಕಲಮು. ಕರ್ನಾಟಕದವರಿಗೆ ಅಲ್ಲೇ ಒಂದು ಕವಲು ಸಿಗುತ್ತದೆ. ಕೇಂದ್ರಕ್ಕಿಂತ ಮುಂಚೆ, 1994ರಲ್ಲೇ ನಮ್ಮ ರಾಜ್ಯ 6ಎ ಸೇರಿಸಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು, ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು, ಆ ಬೇಲಿ ಹೋಯಿತು. ಮುಂದೆ ನಡೆದರೆ ಫೂಲಾವತಿ ತೀರ್ಪು: (2016) 2 ಎಸ್‌ಸಿಸಿ 36. ಕರ್ನಾಟಕದಿಂದಲೇ ಹೋದ ಕೇಸು. 2005ರ ಆ ದಿನ ಅಪ್ಪನೂ ಬದುಕಿರಬೇಕು, ಮಗಳೂ ಬದುಕಿರಬೇಕು, ಆಗ ಮಾತ್ರ ಹೊಸ ಹಕ್ಕು ಎಂದು ಅದು ಹೇಳುತ್ತದೆ. ಹೆಡ್‌ನೋಟ್ ಸ್ಪಷ್ಟವಾಗಿದೆ, ಒಂದು ಅಕ್ಷರದ ಗೊಂದಲವಿಲ್ಲ. ಇದನ್ನಷ್ಟೇ ಓದಿದವರು ಆ ಮಗಳಿಗೆ "ನಿನ್ನ ಕೇಸಿನಾಗ ಹುರುಳಿಲ್ಲವ್ವ" ಎಂದು ಹೇಳಿ ಕಳಿಸುತ್ತಿದ್ದರು.

2018ರಲ್ಲಿ ದಾನಮ್ಮ ತೀರ್ಪು ಬಂತು, (2018) 3 ಎಸ್‌ಸಿಸಿ 343. ಅದೂ ಕರ್ನಾಟಕದ್ದೇ. ಅಲ್ಲಿ ಅಪ್ಪ 2001ರಲ್ಲಿ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠದ ತೀರ್ಪು, ಎರಡೂ ಒಂದೇ ಕಲಮಿನ ಅಡಿ ಒಂದರ ಪಕ್ಕ ಒಂದು ಮುಖ ತಿರುಗಿಸಿಕೊಂಡು ಕೂತವು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ವಿನೀತಾ ಶರ್ಮಾ ತೀರ್ಪಿನಲ್ಲಿ, (2020) 9 ಎಸ್‌ಸಿಸಿ 1, ಜಗಳ ಬಿಡಿಸಿತು. ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ಆಗಿಹೋದ ಪಾಲುಗಳನ್ನು ಮಾತ್ರ ಕೆದಕುವಂತಿಲ್ಲ. ಫೂಲಾವತಿ ರದ್ದಾಯಿತು, ದಾನಮ್ಮದ ಒಂದು ಭಾಗವೂ ರದ್ದಾಯಿತು.

ಆದರೆ 2016ರ ಸಂಪುಟ ಅಚ್ಚಾಗಿ ಕೂತಿದೆಯಲ್ಲ, ಅದಕ್ಕೆ ಇದು ಹೇಗೆ ಗೊತ್ತಾಗಬೇಕು? ಕಾಕಾ ಪುಸ್ತಕ ತೆಗೆದು 36ನೇ ಪುಟ ಬಿಡಿಸಿದರು. ಹೆಡ್‌ನೋಟಿನ ಪಕ್ಕದಲ್ಲಿ ಅಂಟಿಸಿದ ಚೀಟಿ, ಮೇಲೆ ಕೆಂಪು ಶಾಯಿಯಲ್ಲಿ 'ಓವರ್‌ರೂಲ್ಡ್', ಕೆಳಗೆ ಹೊಸ ಸೈಟೇಶನ್ನು. "ಹೊಸ ಸಂಚಿಕಿ ಬಂದ ದಿನ ಅದರ ಮುಂದಿನ ಪಟ್ಟಿ ನೋಡೋದು, ಹಳಿ ಪುಸ್ತಕ ತಗದು ಚೀಟಿ ಹಚ್ಚೋದು. ದೊಡ್ಡ ಸಾಹೇಬ್ರು ಇದ್ದಾಗಿಂದ ನಾ ಇದ ಮಾಡ್ಕೋತ ಬಂದೇನ್ರಿ" ಎಂದರು. ಗಾಬರಿಯಾಗುವಷ್ಟು ಚೀಟಿಗಳಿವೆ. ಕೆಲವು ರದ್ದಾದವು, ಕೆಲವು ಅನುಸರಿಸಲ್ಪಟ್ಟವು, ಕೆಲವಕ್ಕೆ 'ಡಿಸ್ಟಿಂಗ್ವಿಶ್ಡ್' ಎಂಬ ಜಾಣ ಪದ. ಆ ತೀರ್ಪು ಸರಿಯೇ, ಆದರೆ ನಮ್ಮ ಮುಂದಿರುವ ಸಂಗತಿಯೇ ಬೇರೆ ಎಂದು ಪಕ್ಕಕ್ಕೆ ಸರಿಸುವುದಕ್ಕೆ ಕೋರ್ಟು ಬಳಸುವ ಮಾತು ಅದು.

ಕಾಕಾಗೆ ಗೊತ್ತಿರಲಾರದು, ಚಿಕಾಗೋದಲ್ಲಿ ಫ್ರಾಂಕ್ ಶೆಪರ್ಡ್ ಎಂಬವನು 1873ರಲ್ಲಿ ಇದೇ ಕಸುಬನ್ನು ವ್ಯಾಪಾರ ಮಾಡಿದ್ದ. ಯಾವ ಕೇಸನ್ನು ಮುಂದಿನ ಯಾವ ಕೇಸು ಉಲ್ಲೇಖಿಸಿದೆ ಎಂದು ಅಂಟಿನ ಚೀಟಿಗಳಲ್ಲಿ ಅಚ್ಚು ಹಾಕಿಸಿ ವಕೀಲರಿಗೆ ಮಾರುತ್ತಿದ್ದ. ಚೀಟಿ ಹೋಗಿ ಪುಸ್ತಕವಾಯಿತು. 1950ರ ದಶಕದಲ್ಲಿ ಯೂಜೀನ್ ಗಾರ್‌ಫೀಲ್ಡ್ ಅದನ್ನು ಕಂಡು, ವಿಜ್ಞಾನದ ಲೇಖನಗಳಿಗೂ ಹೀಗೆಯೇ ಉಲ್ಲೇಖಗಳ ಸೂಚಿ ಮಾಡಬಹುದಲ್ಲ ಎಂದು ಹೊರಟರು. ಅದರಿಂದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹುಟ್ಟಿತು. ಯಾರನ್ನು ಹೆಚ್ಚು ಜನ ಉಲ್ಲೇಖಿಸುತ್ತಾರೋ ಅವರು ಮೇಲೆ ಎಂಬ ಗೂಗಲ್‌ನ ಲೆಕ್ಕಾಚಾರವೂ ಅದೇ ವಂಶದ್ದು. ವಕೀಲರ ಗುಮಾಸ್ತರ ಗೋಂದಿನ ಬಾಟಲಿಗೆ ಇಷ್ಟು ದೊಡ್ಡ ಸಂತಾನವಿದೆ ಎಂದು ಯಾರೂ ಎಣಿಸಿರಲಿಕ್ಕಿಲ್ಲ.

ಸೀನಿಯರ್ ಇನ್ನೊಂದು ಕಪಾಟು ತೆರೆದರು. ನನ್ನ ಮಟ್ಟಿಗೆ ಇಡೀ ಕಚೇರಿಯಲ್ಲಿ ಅತ್ಯಂತ ಕುತೂಹಲದ ಜಾಗ ಅದು. ಅಲ್ಲಿರುವುದು ಬರೀ ಹಳೆಯ ಡೈಜೆಸ್ಟುಗಳು. "ಇದರಾಗ ಖಾಸಗಿತನ ಅನ್ನೋ ತಲೆಬರಹ ಹುಡುಕ್ರಿ ನೋಡೋಣು" ಎಂದರು. ಹಳೆಯ ಸಂಪುಟಗಳಲ್ಲಿ ಅದಿಲ್ಲ. ಖರಕ್ ಸಿಂಗ್ ಕೇಸು, ಎಐಆರ್ 1963 ಎಸ್‌ಸಿ 1295, ರಾತ್ರಿ ಮನೆಗೆ ನುಗ್ಗಿ ನೋಡುವ ಪೊಲೀಸರ ಬಗ್ಗೆ. ಅದು ಪೊಲೀಸ್ ನಿಯಮಾವಳಿ, ಸಂವಿಧಾನದ 21ನೇ ಅನುಚ್ಛೇದ ಎಂಬ ತಲೆಬರಹಗಳಡಿ ಕೂತಿದೆ. ಎಂ.ಪಿ. ಶರ್ಮಾ ಕೇಸು, ಎಐಆರ್ 1954 ಎಸ್‌ಸಿ 300, ಶೋಧ ಮತ್ತು ಜಪ್ತಿಯ ಅಡಿ. ಎರಡನ್ನೂ ಒಂದೇ ದಾರಕ್ಕೆ ಪೋಣಿಸುವ ತಲೆಬರಹವನ್ನು ಸೂಚಿಕಾರ ಬರೆದಿರಲಿಲ್ಲ, ಬರೆಯುವ ಹಾಗೂ ಇರಲಿಲ್ಲ. ಕೋರ್ಟುಗಳೇ ಆಗ ಅಂಥ ಹಕ್ಕನ್ನು ಒಪ್ಪಿರಲಿಲ್ಲ. 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು, ಹಿಂದಿನ ಆ ಎರಡೂ ತೀರ್ಪುಗಳು ಇದಕ್ಕೆ ವಿರುದ್ಧವಾಗಿ ಹೇಳಿದ್ದಷ್ಟನ್ನು ರದ್ದು ಮಾಡಿದರು. ಅಂದಿನಿಂದ ಸೂಚಿಗಳಲ್ಲಿ ಖಾಸಗಿತನಕ್ಕೆ ಅದರದೇ ಬೀದಿ, ಅದಕ್ಕೆ ಹತ್ತಾರು ಅಡ್ಡರಸ್ತೆ.

ಕೇಶವಾನಂದ ಭಾರತೀ ಕೇಸಿನಲ್ಲಿ ಹುಟ್ಟಿದ, ಸಂವಿಧಾನದ ಮೂಲ ಸಂರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂಬ ತತ್ವದ ಕಥೆಯೂ ಅದೇ. ಎಡನೀರಿನ ಸ್ವಾಮಿಗಳು ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣೆಯ ವಿರುದ್ಧ, ಮಠದ ಜಮೀನಿಗಾಗಿ. ಜಮೀನಿನ ಕೇಸೆಂದು ಸೂಚಿಯಲ್ಲಿ ಹುಡುಕಲು ಹೊರಟವನಿಗೆ ಭಾರತದ ಸಂವಿಧಾನದ ಅತಿ ದೊಡ್ಡ ತೀರ್ಪು ಕೈಗೆ ಬರುತ್ತದೆ.

ತಲೆಬರಹಗಳು ಉಬ್ಬುವುದನ್ನೂ ಇಳಿಯುವುದನ್ನೂ ಈ ಕಪಾಟಿನಲ್ಲಿ ನೋಡಬಹುದು. 1974ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಗಿ ಗೇಣಿದಾರರು ನಮೂನೆ 7 ಹಿಡಿದು ಭೂ ನ್ಯಾಯಮಂಡಳಿಗೆ ಹೋದರು. ಅಲ್ಲಿಂದಾಚೆಗಿನ ಸಂಪುಟಗಳಲ್ಲಿ 48ಎ ಎಂಬ ಕಲಮು ದಪ್ಪವಾಗುತ್ತ ಹೋಗುತ್ತದೆ. ಈಗಿನವುಗಳಲ್ಲಿ ದಪ್ಪವಿರುವುದು ಚೆಕ್ ಬೌನ್ಸ್, ಮೋಟಾರು ವಾಹನ ಅಪಘಾತ. ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಡೈಜೆಸ್ಟನ್ನು ಓದಬೇಕು, ಯಾರೂ ಓದುವುದಿಲ್ಲ.

ಸೂಚಿಕಾರನ ಕೆಲಸಕ್ಕೆ ಬೆಲೆ ಎಷ್ಟು ಎಂಬ ಪ್ರಶ್ನೆಯೂ ಒಮ್ಮೆ ಸುಪ್ರೀಂ ಕೋರ್ಟಿಗೇ ಹೋಯಿತು. ಎಸ್‌ಸಿಸಿಯವರು ತಿದ್ದಿ ಅಚ್ಚು ಹಾಕಿದ ತೀರ್ಪುಗಳನ್ನು ನಕಲು ಮಾಡಿ ಬೇರೆಯವರು ಸಿ.ಡಿ. ಮಾರುತ್ತಿದ್ದಾರೆ ಎಂದು ಪ್ರಕಾಶಕರು ದಾವೆ ಹೂಡಿದ್ದರು. ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಡಿ.ಬಿ. ಮೋದಕ್ ಎಂಬ ಆ ಕೇಸಿನಲ್ಲಿ, (2008) 1 ಎಸ್‌ಸಿಸಿ 1, ಕೋರ್ಟು ಗೆರೆ ಎಳೆಯಿತು. ತೀರ್ಪಿನ ಮೂಲ ಪಾಠ ಎಲ್ಲರದು, ಅಲ್ಲಿ ಯಾರಿಗೂ ಹಕ್ಕಿಲ್ಲ. ಬರೀ ಬೆವರು ಸುರಿಸಿದ್ದಕ್ಕೂ ಹಕ್ಕು ಹುಟ್ಟುವುದಿಲ್ಲ. ಆದರೆ ಎಲ್ಲಿ ಪ್ಯಾರಾ ಒಡೆಯಬೇಕು, ಯಾವ ನ್ಯಾಯಮೂರ್ತಿ ಯಾರೊಡನೆ ಒಪ್ಪಿದರು ಯಾರೊಡನೆ ಒಪ್ಪಲಿಲ್ಲ ಎಂದು ಗುರುತು ಹಾಕುವುದಕ್ಕೆ ಕಾನೂನು ತಿಳಿದಿರಬೇಕು, ವಿವೇಚನೆ ಬೇಕು. ಅದು ಸಂಪಾದಕರ ಸ್ವತ್ತು. ಅಂದರೆ ಹೆಸರಿಲ್ಲದ ಆ ಸಂಪಾದಕ ನ್ಯಾಯಮೂರ್ತಿಯ ಮೇಲೆ ತನ್ನದೇ ಒಂದು ಸಣ್ಣ ತೀರ್ಪು ಬರೆಯುತ್ತಾನೆ ಎಂಬುದನ್ನು ಕೋರ್ಟೇ ಒಪ್ಪಿದಂತಾಯಿತು. ಅವನು ತಪ್ಪು ತಲೆಬರಹ ಹಾಕಿದರೆ ಒಳ್ಳೆಯ ತೀರ್ಪೊಂದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಹೆಡ್‌ನೋಟ್ ಓದಿ ವಾದಿಸುವುದು ಈ ಕಚೇರಿಯಲ್ಲಿ ಪಾಪ. ಅಮೆರಿಕದ ಸುಪ್ರೀಂ ಕೋರ್ಟಂತೂ 1906ರ ಒಂದು ತೀರ್ಪನ್ನು ಉಲ್ಲೇಖಿಸಿ, ಮೇಲಿನ ಸಾರಾಂಶ ಕೋರ್ಟಿನ ಮಾತಲ್ಲ ಎಂದು ಇವತ್ತಿಗೂ ಅಚ್ಚು ಹಾಕುತ್ತದೆ.

ಪಡಸಾಲೆಯ ಬಲಗಡೆಯದು ಜೂನಿಯರ್‌ಗಳ ರಾಜ್ಯ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ನೆಲದ ಮೇಲೆ ಪುಸ್ತಕ ಇಲ್ಲ. ಸುಶಾಂತ್ ಸಿನ್ಹಾ ಎಂಬ ಎಂಜಿನಿಯರು 2008ರಲ್ಲಿ ಆರಂಭಿಸಿದ ಇಂಡಿಯನ್ ಕಾನೂನ್ ಬಂದ ಮೇಲೆ ದುಡ್ಡಿಲ್ಲದ ಜೂನಿಯರ್‌ಗೂ ತೀರ್ಪು ಸಿಗುವಂತಾಯಿತು. ಹಣ ಕಟ್ಟಿದರೆ ಎಸ್‌ಸಿಸಿ ಆನ್‌ಲೈನ್, ಮನುಪತ್ರ ಇವೆ. 2023ರ ಜನವರಿಯಿಂದ ಸುಪ್ರೀಂ ಕೋರ್ಟು ತನ್ನ ಅಧಿಕೃತ ವರದಿಗಳನ್ನೂ ಉಚಿತವಾಗಿ ತೆರೆದಿಟ್ಟಿದೆ. "ತಲೆಬರಹ ಯಾಕ್ರೀ ಬೇಕು ಸರ್? ಪದ ಹಾಕಿದ್ರ ಸಾಕು, ಬರ್ತದ" ಎಂದಳು ಜೂನಿಯರ್. ಸೀನಿಯರ್ ಸುಮ್ಮನಿದ್ದರು.

ಅವರ ಪರವಾಗಿ ಉತ್ತರ ಕೊಡಬಲ್ಲದ್ದು 1985ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಬ್ಲೇರ್ ಮತ್ತು ಮೆರನ್ ಎಂಬಿಬ್ಬರು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ರೈಲು ಅಪಘಾತದ ವ್ಯಾಜ್ಯಕ್ಕಾಗಿ ಕಂಪ್ಯೂಟರಿಗೆ ಏರಿಸಿದ ಸುಮಾರು 40,000 ದಾಖಲೆಗಳ ಮೇಲೆ ವಕೀಲರ ಹುಡುಕಾಟವನ್ನು ಪರೀಕ್ಷಿಸಿದರು. ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿದೆ ಎಂದು ವಕೀಲರು ನಂಬಿದ್ದರು. ಸಿಕ್ಕಿದ್ದು ಸುಮಾರು ಶೇ. 20 ಮಾತ್ರ. ಕಾರಣ ಸರಳ. ಒಂದು ಪಕ್ಷದವರು 'ಅಪಘಾತ' ಎಂದು ಬರೆದದ್ದನ್ನು ಇನ್ನೊಂದು ಪಕ್ಷದವರು 'ಘಟನೆ' ಎಂದು, 'ಪರಿಸ್ಥಿತಿ' ಎಂದು ಬರೆದಿದ್ದರು. ಮನುಷ್ಯ ಸೂಚಿಕಾರನಾಗಿದ್ದರೆ ಮೂರನ್ನೂ ಒಂದೇ ತಲೆಬರಹದಡಿ ಹಾಕುತ್ತಿದ್ದ. ಯಂತ್ರಗಳು ಆಮೇಲೆ ಜಾಣವಾಗಿವೆ, ನಿಜ. ಸಿಕ್ಕಿದ್ದರ ರಾಶಿ ನೋಡಿ ಸಿಗದೇ ಹೋದದ್ದನ್ನು ಮರೆಯುವ ಸ್ವಭಾವ ಮಾತ್ರ ವಕೀಲರಲ್ಲಿ ಹಾಗೇ ಇದೆ, ಪತ್ರಕರ್ತರಲ್ಲೂ.

ಈಗಿನ ಅಪಾಯ ಇನ್ನೊಂದು ಬಗೆಯದು, ಇಲ್ಲದ್ದೇ ಸಿಗುವುದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಕೇಸುಗಳನ್ನು ಕೋರ್ಟಿಗೆ ಸಲ್ಲಿಸಿ, ಅಂಥ ಕೇಸುಗಳೇ ಇಲ್ಲವೆಂದು ಗೊತ್ತಾಗಿ 5,000 ಡಾಲರ್ ದಂಡ ತೆತ್ತರು. ನಮ್ಮಲ್ಲೂ 2025ರಲ್ಲಿ ಕರ್ನಾಟಕ ಹೈಕೋರ್ಟ್, ಕೆಳಗಿನ ಕೋರ್ಟೊಂದರ ಆದೇಶದಲ್ಲಿ ಉಲ್ಲೇಖಗೊಂಡಿದ್ದ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲ ಎಂಬುದನ್ನು ಗಮನಿಸಿತು. ಹೆಸರು ಸರಿಯಿರುತ್ತದೆ, ವರ್ಷ ಸರಿಯಿರುತ್ತದೆ, ಸಂಪುಟ ತೆಗೆದರೆ ಆ ಪುಟದಲ್ಲಿ ಬೇರೆ ಯಾರದೋ ಬಾಡಿಗೆ ಜಗಳ ಇರುತ್ತದೆ. ಅದಕ್ಕೇ ಕಾಕಾಗೆ ಈಚೆಗೆ ಹೊಸ ಕೆಲಸ ಬಂದಿದೆ. ಜೂನಿಯರ್‌ಗಳು ಕಂಪ್ಯೂಟರಿನಿಂದ ತೆಗೆದ ಪ್ರತಿ ಸೈಟೇಶನ್ನಿಗೂ ಪುಸ್ತಕ ಇಳಿಸಿ ಪುಟ ತೋರಿಸುವುದು, ಪುಸ್ತಕದಲ್ಲಿ ಇಲ್ಲದಿದ್ದರೆ ಕೋರ್ಟಿನ ವೆಬ್‌ಸೈಟಿನ ನಕಲನ್ನೇ ತರಿಸುವುದು.

ಅಲ್ಲಿ ಈಗ ಪ್ರಕಾಶಕರ ಹಂಗಿಲ್ಲದ ವಿಳಾಸ ಇದೆ. 2023ರಿಂದ ಸುಪ್ರೀಂ ಕೋರ್ಟಿನ ತೀರ್ಪುಗಳಿಗೆ ವರ್ಷ, ಐಎನ್‌ಎಸ್‌ಸಿ, ಸಂಖ್ಯೆ. ನಮ್ಮ ಹೈಕೋರ್ಟಿನವಕ್ಕೆ ಕೆಎಚ್‌ಸಿ. ಧಾರವಾಡದ ಪೀಠದ್ದಾದರೆ ಕೊನೆಗೊಂದು 'ಡಿ', ಕಲಬುರಗಿಯದಾದರೆ 'ಕೆ'. ಪುಟದ ಸಂಖ್ಯೆ ಇಲ್ಲ, ಪುಸ್ತಕವೇ ಇಲ್ಲವಲ್ಲ. ವರದಿಯಾಗಲಿ ಆಗದಿರಲಿ ಎಲ್ಲ ತೀರ್ಪಿಗೂ ಸಂಖ್ಯೆ ಬೀಳುತ್ತದೆ. ಹಿಂದೆ ಪ್ರಕಟಣೆಗೆ ಯೋಗ್ಯ ಎಂದು ನ್ಯಾಯಮೂರ್ತಿ ಗುರುತು ಹಾಕಿದ್ದು, ಸಂಪಾದಕ ಆರಿಸಿದ್ದು ಮಾತ್ರ ಪುಸ್ತಕ ಸೇರುತ್ತಿತ್ತು, ಉಳಿದದ್ದು ರೆಕಾರ್ಡ್ ರೂಮಿನಲ್ಲಿ ಧೂಳು. ಈಗ ಎಲ್ಲವೂ ಒಂದೇ ಹೊಳೆಯಲ್ಲಿ ಬರುತ್ತಿದೆ. ಆರಿಸುವ ಕೆಲಸ ಸಂಪಾದಕನ ಮೇಜಿನಿಂದ ಜೂನಿಯರ್ ವಕೀಲೆಯ ಮೇಜಿಗೆ ಬಂದಿದೆ, ಸಂಬಳ ಮಾತ್ರ ಬಂದಿಲ್ಲ.

ಕನ್ನಡದಲ್ಲಿ ಏನಿದೆ ಎಂದು ಕೇಳಿದೆ. ಸುವಾಸ್ ಎಂಬ ತಂತ್ರಾಂಶ 2019ರಿಂದ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಭಾರತೀಯ ಭಾಷೆಗಳಿಗೆ ತರುತ್ತಿದೆ, ಕನ್ನಡಕ್ಕೂ. ಅನುವಾದ ಸಿಗುತ್ತದೆ, ಹುಡುಕುವ ದಾರಿ ಮಾತ್ರ ಇಂಗ್ಲಿಷಿನಲ್ಲಿದೆ. ಈ ಗೋಡೆಯ ಒಂದೇ ಒಂದು ಡೈಜೆಸ್ಟಿನಲ್ಲೂ 'ಹೆಣ್ಣುಮಕ್ಕಳ ಪಾಲು' ಎಂಬ ತಲೆಬರಹವಿಲ್ಲ. ತನ್ನ ಹೊಲದ ಬಗ್ಗೆ ದೇಶದ ದೊಡ್ಡ ಕೋರ್ಟು ಏನು ಹೇಳಿದೆ ಎಂದು ನವಲಗುಂದದ ಆ ಹೆಣ್ಣುಮಗಳು ತಾನೇ ಹುಡುಕಿಕೊಳ್ಳುವ ಹಾಗಿಲ್ಲ. ಅವಳು ಎರಡು ಬಸ್ಸು ಬದಲಿಸಿ ಇಲ್ಲಿಗೆ ಬರಬೇಕು.

ಅವಳು ಬಂದೇ ಇದ್ದಳು. ಬಾಗಿಲ ಪಕ್ಕದ ಬೆಂಚಿನ ಮೇಲೆ ಉತಾರಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತು, ಮೇಜಿನ ಮೇಲೆ ಪುಸ್ತಕ ಬಿಡಿಸುವುದನ್ನು ಅಷ್ಟೂ ಹೊತ್ತು ನೋಡುತ್ತಿದ್ದಳು. ವಿನೀತಾ ಶರ್ಮಾ ತೀರ್ಪಿನ ಪ್ರಿಂಟು ಫೈಲಿಗೆ ಸೇರುವಾಗ ಎದ್ದು ಬಂದು ಕೇಳಿದಳು, "ಕಾಕಾರ, ನಂದೂ ಹಿಂಗ ಪುಸ್ತಕದಾಗ ಬರತೈತೇನ್ರಿ?"

"ಬರೂದ ಬ್ಯಾಡ ಯವ್ವಾ" ಎಂದರು ಕಾಕಾ, ಫೈಲಿಗೆ ದಾರ ಬಿಗಿಯುತ್ತ. "ಪುಸ್ತಕ ಸೇರಬೇಕಂದ್ರ ಹೈಕೋರ್ಟ್ ತನಕಾದರೂ ಹೋಗಬೇಕು. ಇಲ್ಲೇ ಮುಗದ್ರ ಚಲೋ."